ನರಕ್ಷಯ ಕಾಯಿಲೆಗೆ ಫಂಕ್ಷನಲ್ ಮೆಡಿಸಿನ್: ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು

"ಅಮ್ಮನಿಗೆ ಆಲ್ಝೈಮರ್ ಅಂದಿದ್ದಾರೆ. ಫಂಕ್ಷನಲ್ ಮೆಡಿಸಿನ್‌ನಲ್ಲಿ ವಾಸಿಯಾಗುತ್ತಂತೆ, ಹೌದಾ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಕೆಲವೊಮ್ಮೆ ಅಮ್ಮನ ಜಾಗದಲ್ಲಿ ಅಪ್ಪ ಇರುತ್ತಾರೆ, ಆಲ್ಝೈಮರ್ ಜಾಗದಲ್ಲಿ ಪಾರ್ಕಿನ್ಸನ್. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ: ವಾಸಿಯಾಗುವುದಿಲ್ಲ. ಆಲ್ಝೈಮರ್, ಪಾರ್ಕಿನ್ಸನ್, ಎಎಲ್ಎಸ್ ಈ ಮೂರನ್ನೂ ಪೂರ್ತಿ ವಾಸಿ ಮಾಡುವ ಚಿಕಿತ್ಸೆ ಇವತ್ತಿಗೆ ಯಾವ ಪದ್ಧತಿಯಲ್ಲೂ ಇಲ್ಲ. ಆದರೆ ಫಂಕ್ಷನಲ್ ಮೆಡಿಸಿನ್‌ನವರು ಕೇಳುವ ಕೆಲವು ಪ್ರಶ್ನೆಗಳು ನಿಜಕ್ಕೂ ಕೇಳಬೇಕಾದವೇ. ಪ್ರಶ್ನೆಗಳನ್ನು ಇಟ್ಟುಕೊಂಡು, ಅದರ ಜೊತೆ ಬರುವ ದುಬಾರಿ ಸರಕನ್ನು ಹೇಗೆ ಬಿಡುವುದು ಅನ್ನೋದೇ ಈ ಲೇಖನ.

ಮೊದಲು ಎರಡು ಪದ

ನರಕ್ಷಯ ಕಾಯಿಲೆ ಅಂದರೆ ಮಿದುಳಿನ ಅಥವಾ ಬೆನ್ನುಹುರಿಯ ನರಕೋಶಗಳು ವರ್ಷಗಟ್ಟಲೆ ನಿಧಾನವಾಗಿ ಸಾಯುತ್ತಾ ಹೋಗುವ ಕಾಯಿಲೆ. ಆಲ್ಝೈಮರ್‌ನಲ್ಲಿ ಹೆಚ್ಚಾಗಿ ನೆನಪು ಮೊದಲು ಕೈಕೊಡುತ್ತದೆ. ಪಾರ್ಕಿನ್ಸನ್‌ನಲ್ಲಿ ಚಲನೆ ನಿಧಾನವಾಗುತ್ತದೆ, ಕೈ ನಡುಗಬಹುದು, ಮೈ ಬಿಗಿಯುತ್ತದೆ. ಎಎಲ್ಎಸ್‌ನಲ್ಲಿ ಸ್ನಾಯುಗಳನ್ನು ಆಡಿಸುವ ನರಗಳೇ ಸಾಯುತ್ತವೆ.

ಫಂಕ್ಷನಲ್ ಮೆಡಿಸಿನ್ ಅಂದರೆ ಕಾಯಿಲೆಯ ಹೆಸರಿಗಿಂತ ಅದರ ಹಿಂದಿನ ಕಾರಣಗಳನ್ನು ಹುಡುಕುತ್ತೇವೆ ಅನ್ನುವ ಪದ್ಧತಿ. ಊಟ, ನಿದ್ದೆ, ಹೊಟ್ಟೆ, ಹಾರ್ಮೋನು, ಒತ್ತಡ, ವಿಷವಸ್ತು ಎಲ್ಲವನ್ನೂ ಒಟ್ಟಿಗೆ ನೋಡುತ್ತೇವೆ ಅನ್ನುತ್ತಾರೆ. ಜೆಫ್ರಿ ಬ್ಲ್ಯಾಂಡ್ ಅನ್ನುವವರು 1991ರಲ್ಲಿ ಅಮೆರಿಕದಲ್ಲಿ ಇದಕ್ಕೊಂದು ಸಂಸ್ಥೆ ಕಟ್ಟಿದರು. ಮರೆವಿನ ಕಾಯಿಲೆಯ ವಿಷಯದಲ್ಲಿ ಜಾಸ್ತಿ ಕೇಳಿಬರುವ ಹೆಸರು ನರವಿಜ್ಞಾನಿ ಡೇಲ್ ಬ್ರೆಡೆಸೆನ್ ಅವರದು. ಆಲ್ಝೈಮರ್ ಅಂದರೆ 36 ತೂತಿರುವ ಸೂರು, ಒಂದು ತೂತು ಮುಚ್ಚಿದರೆ ಸೋರುವುದು ನಿಲ್ಲದು ಅನ್ನುವುದು ಅವರ ವಾದ. ಕೇಳಲು ಸರಿ ಅನಿಸುತ್ತದೆ. ಪುರಾವೆ ಮಾತ್ರ ತೆಳು. 2014ರ ಅವರ ಮೊದಲ ವರದಿಯಲ್ಲಿ ಇದ್ದವರು 10 ಜನ. 2022ರ ಪ್ರಯೋಗದಲ್ಲಿ 25 ಜನ. ಅದರಲ್ಲೂ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಇನ್ನೊಂದು ಗುಂಪು ಇರಲಿಲ್ಲ. ಹಾಗಿದ್ದಾಗ ಸುಧಾರಣೆ ಚಿಕಿತ್ಸೆಯಿಂದ ಬಂತೋ, ಪರೀಕ್ಷೆ ಎರಡನೇ ಸಲ ಬರೆಯುವಾಗ ಆದ ಅಭ್ಯಾಸದಿಂದ ಬಂತೋ ಹೇಳುವುದು ಹೇಗೆ?

ಇನ್ನೊಂದು ಮಾತು. "ಮೂಲ ಕಾರಣ" ಅನ್ನುವ ಪದಕ್ಕೆ ಮರುಳಾಗಬೇಡಿ. ಹಂಟಿಂಗ್ಟನ್ ಅನ್ನುವ ಇನ್ನೊಂದು ನರಕ್ಷಯ ಕಾಯಿಲೆಯ ಮೂಲ ಕಾರಣ ಒಂದೇ ಒಂದು ಜೀನ್. ಅದನ್ನು ಹೊಟ್ಟೆಯಲ್ಲಿ, ಊಟದಲ್ಲಿ ಹುಡುಕುವವರಿದ್ದರೆ ದೂರ ಇರಿ.

ಶುರು ಮಾಡುವ ಮುಂಚೆ ಬೇಕಾದವು

ಒಂದು ನೋಟ್‌ಬುಕ್. ಇದುವರೆಗಿನ ಎಲ್ಲಾ ರಿಪೋರ್ಟು. ಮನೆಯಲ್ಲಿ ಬಿಪಿ ನೋಡುವ ಯಂತ್ರ, ತೂಕದ ಯಂತ್ರ. ಮತ್ತು ಕಾಯಿಲೆ ಇರುವವರ ಒಪ್ಪಿಗೆ. ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಮರೆವು ಶುರುವಾಗಿದೆ ಅಂದ ಮಾತ್ರಕ್ಕೆ ಅವರ ಊಟ, ನಿದ್ದೆ, ದಿನಚರಿಯನ್ನೆಲ್ಲ ನಾವೇ ಬದಲಾಯಿಸಬಹುದು ಅಂತಲ್ಲ, ಅಲ್ವಾ?

ಹಂತ 1: ಕಾಯಿಲೆ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ಇಲ್ಲಿಂದಲೇ ಶುರು ಮಾಡಿ. ನರರೋಗ ತಜ್ಞರು ನೋಡದೆ ಯಾವ "ಪ್ರೋಟೋಕಾಲ್"ಗೂ ಕೈ ಹಾಕಬೇಡಿ. ಕಾರಣ ಸರಳ: ನರಕ್ಷಯದಂತೆಯೇ ಕಾಣುವ, ಆದರೆ ಚಿಕಿತ್ಸೆಗೆ ಬಗ್ಗುವ ಕಾಯಿಲೆಗಳು ಕೆಲವಿವೆ.

ಬಿ12 ಕೊರತೆಯಿಂದ ಮರೆವು ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. ಥೈರಾಯ್ಡ್ ಕಡಿಮೆಯಾದರೆ ಮಿದುಳು ಮಂಕಾಗುತ್ತದೆ. ವಯಸ್ಸಾದವರಲ್ಲಿ ಖಿನ್ನತೆ ಎಷ್ಟೋ ಸಲ ಮರೆವಿನ ವೇಷದಲ್ಲಿ ಬರುತ್ತದೆ. ಬಿದ್ದು ತಲೆಗೆ ಸಣ್ಣ ಪೆಟ್ಟಾಗಿ, ವಾರಗಳ ನಂತರ ತಲೆಬುರುಡೆಯ ಒಳಗೆ ರಕ್ತ ಶೇಖರವಾಗಿರಬಹುದು. ಇನ್ನೊಂದು, ಮಿದುಳಿನ ಒಳಗಿನ ಕುಳಿಗಳಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. ಕಾಲು ನೆಲಕ್ಕೆ ಅಂಟಿದಂತೆ ನಡೆಯುವುದು, ಮೂತ್ರ ತಡೆಯಲಾಗದಿರುವುದು, ಮರೆವು, ಈ ಮೂರೂ ಸೇರಿದರೆ ಅದರ ಮೇಲೆ ಅನುಮಾನ ಬರಬೇಕು. ಸ್ಕ್ಯಾನ್‌ನಲ್ಲಿ ಸುಳಿವು ಸಿಗುತ್ತದೆ, ಎಷ್ಟೋ ಜನರಿಗೆ ಆಪರೇಷನ್‌ನಿಂದ ನಡಿಗೆ ಸುಧಾರಿಸುತ್ತದೆ.

ಚಿಕ್ಕ ವಯಸ್ಸಿನವರಿಗೆ ನಡುಕ ಬಂದರೆ ವಿಲ್ಸನ್ ಕಾಯಿಲೆ ಇದೆಯಾ ಅಂತ ಕೇಳಿ. ಇದರಲ್ಲಿ ತಾಮ್ರ ದೇಹದಲ್ಲೇ ಉಳಿದು ಲಿವರ್‌ಗೂ ಮಿದುಳಿಗೂ ಸೇರುತ್ತದೆ. ತಾಮ್ರ ತೆಗೆಯುವ ಔಷಧಿ ಬೇಗ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಎಚ್ಚರಿಕೆ: "ನಿಮಗೆ ಆಲ್ಝೈಮರ್ ಇತ್ತು, ನಮ್ಮ ಚಿಕಿತ್ಸೆಯಿಂದ ಹೋಯಿತು" ಅನ್ನುವ ಕಥೆ ಕೇಳಿದಾಗಲೆಲ್ಲ ಮೊದಲು ಕೇಳಬೇಕಾದದ್ದು, ಅದು ಆಲ್ಝೈಮರ್ ಅಂತ ಹೇಗೆ ಗೊತ್ತಾಗಿತ್ತು?

ಹಂತ 2: ಮಾತ್ರೆಗಳ ಚೀಲವನ್ನು ಮೇಜಿನ ಮೇಲೆ ಸುರಿಯಿರಿ

ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಉಪಯೋಗದ ಕೆಲಸ ಇದು. ಖರ್ಚೇ ಇಲ್ಲ. ಮನೆಯಲ್ಲಿರುವ ಎಲ್ಲಾ ಮಾತ್ರೆ, ಸಿರಪ್, ಪುಡಿ, ಚೀಟಿ ಇಲ್ಲದೆ ತಂದದ್ದು, ಗಿಡಮೂಲಿಕೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದೆ ಇಡಿ. ಪಟ್ಟಿ ಬರೆದುಕೊಂಡು ಹೋದರೆ ಏನಾದರೊಂದು ಬಿಟ್ಟೇ ಹೋಗುತ್ತದೆ. ಚೀಲವೇ ಬೇಕು.

ಏನು ಹುಡುಕಬೇಕು?

ಒಂದು, ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕಕ್ಕೆ ಅಡ್ಡ ಬರುವ ಔಷಧಿಗಳು. ನೆನಪಿಗೆ ಈ ರಾಸಾಯನಿಕ ಬೇಕು. ಅಲರ್ಜಿ ಮತ್ತು ನಿದ್ದೆಗೆ ಕೊಡುವ ಡೈಫೆನ್‌ಹೈಡ್ರಮಿನ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ಖಿನ್ನತೆಗೆ ಕೊಡುವ ಹಳೆಯ ಕಾಲದ ಅಮಿಟ್ರಿಪ್ಟಿಲಿನ್ ಈ ಗುಂಪಿನವು. ವಯಸ್ಸಾದವರಲ್ಲಿ ಇವು ಗೊಂದಲ ಮತ್ತು ಮರೆವು ಜಾಸ್ತಿ ಮಾಡುತ್ತವೆ. ತಮಾಷೆ ಅಂದರೆ ಆಲ್ಝೈಮರ್‌ಗೆ ಕೊಡುವ ಡೊನೆಪೆಝಿಲ್ ಅದೇ ರಾಸಾಯನಿಕವನ್ನು ಹೆಚ್ಚಿಸಲು ಇರುವುದು. ಎರಡೂ ಒಟ್ಟಿಗೆ ಕೊಟ್ಟರೆ ಒಂದು ಕಡೆ ನೀರು ತುಂಬಿಸಿ ಇನ್ನೊಂದು ಕಡೆ ಖಾಲಿ ಮಾಡಿದ ಹಾಗೆ.

ಎರಡು, ಪಾರ್ಕಿನ್ಸನ್‌ನಂಥ ಲಕ್ಷಣವನ್ನೇ ತರುವ ಔಷಧಿಗಳು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಝಿನ್, ಮೈಗ್ರೇನ್‌ಗೆ ಕೊಡುವ ಫ್ಲುನರಿಝಿನ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್. ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗಿ ನಡುಕ ಬಂದವರಿಗೆ, ಬೇಕಾಗಿದ್ದದ್ದು ಆ ಮಾತ್ರೆ ನಿಲ್ಲಿಸುವುದು ಮಾತ್ರ ಆಗಿರಬಹುದು.

ಮೂರು, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮತ್ತು ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಗಳು. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯಬಹುದು.

ಎಚ್ಚರಿಕೆ: ಪಟ್ಟಿ ನೋಡಿ ನೀವೇ ಮಾತ್ರೆ ನಿಲ್ಲಿಸಬೇಡಿ. ಕೆಲವನ್ನು ನಿಧಾನವಾಗಿ ಇಳಿಸಬೇಕು. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾವನ್ನು ಅಂತೂ ಒಮ್ಮೆಲೇ ನಿಲ್ಲಿಸಲೇಬಾರದು. ವಿಪರೀತ ಜ್ವರ, ಮೈ ಮರಗಟ್ಟುವುದು, ಪ್ರಜ್ಞೆ ತಪ್ಪುವುದು ಆಗಿ ಜೀವಕ್ಕೇ ಅಪಾಯವಾಗಬಹುದು. "ಮೊದಲು ದೇಹ ಶುದ್ಧಿ, ಅಲ್ಲಿಯವರೆಗೆ ಇಂಗ್ಲಿಷ್ ಮಾತ್ರೆ ಬೇಡ" ಅಂದವರ ಬಾಗಿಲಿಂದ ಎದ್ದು ಬನ್ನಿ.

ಹಂತ 3: ಯಾವ ಟೆಸ್ಟ್ ಮಾಡಿಸಬೇಕು

ಮಾಡಿಸಲು ಯೋಗ್ಯವಾದವು ಎಲ್ಲಾ ಸಾಮಾನ್ಯ ಲ್ಯಾಬ್‌ನಲ್ಲೇ ಆಗುತ್ತವೆ: ರಕ್ತದ ಎಣಿಕೆ, ಶುಗರ್ ಮತ್ತು ಮೂರು ತಿಂಗಳ ಸರಾಸರಿ ಶುಗರ್, ಕೊಲೆಸ್ಟ್ರಾಲ್, ಥೈರಾಯ್ಡ್, ಬಿ12, ಕಿಡ್ನಿ, ಲಿವರ್, ಸೋಡಿಯಂ, ಕ್ಯಾಲ್ಸಿಯಂ.

ಬಿ12 ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ಮಿಲಿಲೀಟರ್ ರಕ್ತದಲ್ಲಿ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ. 200ರಿಂದ 300ರ ನಡುವೆ ಇದ್ದರೆ ಅನುಮಾನದ ಜಾಗ. ಆಗ ಮಿಥೈಲ್‌ಮಲೋನಿಕ್ ಆಮ್ಲ ಅಥವಾ ಹೋಮೋಸಿಸ್ಟೀನ್ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ವಸ್ತುಗಳು ಇವು. ಈ ಒಂದು ವಿಷಯದಲ್ಲಿ ಫಂಕ್ಷನಲ್ ಮೆಡಿಸಿನ್‌ನವರ ಹಟ ಸರಿ ಅಂತ ನನಗೂ ಅನಿಸುತ್ತದೆ. "ನಾರ್ಮಲ್ ಒಳಗೇ ಇದೆ" ಅಂತ 210ನ್ನು ಸುಮ್ನೆ ಬಿಡಬಾರದು.

ಹಣ ಉಳಿಸಬಹುದಾದ ಟೆಸ್ಟುಗಳು ಇವು. ಮೊದಲನೆಯದು, ಔಷಧಿ ಕೊಟ್ಟು ನಂತರ ಮೂತ್ರದಲ್ಲಿ ಸೀಸ, ಪಾದರಸ ಅಳೆಯುವುದು. ಆ ಔಷಧಿ ಕೊಟ್ಟರೆ ಆರೋಗ್ಯವಂತರ ಮೂತ್ರದಲ್ಲೂ ಲೋಹ ಏರುತ್ತದೆ. ಅದನ್ನು ಔಷಧಿ ಕೊಡದವರ ಮಿತಿಗೆ ಹೋಲಿಸಿ ಕೆಂಪು ಬಣ್ಣದಲ್ಲಿ ಅಚ್ಚು ಹಾಕಿದರೆ ಯಾರಿಗಾದರೂ ಭಯವಾಗುತ್ತದೆ. ಅಮೆರಿಕದ ವಿಷವೈದ್ಯಶಾಸ್ತ್ರದ ತಜ್ಞರ ಸಂಘ ಈ ಟೆಸ್ಟ್ ಅನ್ನು ಒಪ್ಪುವುದಿಲ್ಲ. ಎರಡನೆಯದು, ನೂರಾರು ಆಹಾರಕ್ಕೆ ಐಜಿಜಿ ಪ್ರತಿಕಾಯ ನೋಡುವುದು. ಐಜಿಜಿ ಇದೆ ಅಂದರೆ ಆ ಆಹಾರ ನೀವು ತಿಂದಿದ್ದೀರಿ ಅಂತಷ್ಟೇ. ಇದನ್ನು ನಂಬಿ ಹತ್ತಾರು ಪದಾರ್ಥ ಬಿಟ್ಟು ವಯಸ್ಸಾದವರು ಸೊರಗಿಹೋಗುತ್ತಾರೆ. ಮೂರನೆಯದು, ಕೂದಲಲ್ಲಿ ಖನಿಜಾಂಶ ನೋಡುವುದು.

ಎಪಿಒಇ ಅನ್ನುವ ಜೀನ್ ಟೆಸ್ಟ್ ಬಗ್ಗೆಯೂ ಕೇಳುತ್ತೀರಿ. ಅದರ ಇ4 ರೂಪ ಇದ್ದರೆ ಆಲ್ಝೈಮರ್ ಸಾಧ್ಯತೆ ಹೆಚ್ಚು, ಆದರೆ ಬಂದೇ ಬರುತ್ತದೆ ಅಂತಲ್ಲ, ಇಲ್ಲದವರಿಗೂ ಬರುತ್ತದೆ. ಆ ಉತ್ತರ ನಿಮ್ಮ ಮಕ್ಕಳ ಬಗ್ಗೆಯೂ ಏನೋ ಹೇಳುತ್ತದೆ. ತಿಳಿದು ಏನು ಮಾಡುತ್ತೀರಿ ಅಂತ ಯೋಚಿಸಿ, ಜೆನೆಟಿಕ್ ಕೌನ್ಸೆಲರ್ ಹತ್ತಿರ ಮಾತಾಡಿ, ಆಮೇಲೆ ರಕ್ತ ಕೊಡಿ.

ಹಂತ 4: ಪುರಾವೆ ಇರುವ ಕೆಲಸ ಮೊದಲು

2015ರಲ್ಲಿ ಫಿನ್ಲೆಂಡ್‌ನ ಫಿಂಗರ್ ಅಧ್ಯಯನದ ಫಲಿತಾಂಶ ಬಂತು. ಮಿಯಾ ಕಿವಿಪೆಲ್ಟೊ ನೇತೃತ್ವದಲ್ಲಿ 60ರಿಂದ 77 ವಯಸ್ಸಿನ 1,260 ಜನರನ್ನು ಎರಡು ಗುಂಪು ಮಾಡಿ ಎರಡು ವರ್ಷ ನೋಡಿದರು. ಒಂದು ಗುಂಪಿಗೆ ಊಟದ ಸಲಹೆ, ವ್ಯಾಯಾಮ, ಮಿದುಳಿಗೆ ಕಸರತ್ತು, ಬಿಪಿ-ಶುಗರ್ ತಪಾಸಣೆ ಎಲ್ಲಾ ಒಟ್ಟಿಗೆ. ಇನ್ನೊಂದಕ್ಕೆ ಸಾಮಾನ್ಯ ಆರೋಗ್ಯ ಸಲಹೆ. ಮೊದಲ ಗುಂಪಿನ ಯೋಚನಾಶಕ್ತಿ ಸ್ವಲ್ಪ ಜಾಸ್ತಿ ಸುಧಾರಿಸಿತು. 2025ರಲ್ಲಿ ಅಮೆರಿಕದಲ್ಲಿ 2,111 ಜನರ ಮೇಲೆ ನಡೆದ ಪಾಯಿಂಟರ್ ಅಧ್ಯಯನದಲ್ಲೂ ಹೆಚ್ಚುಕಡಿಮೆ ಹೀಗೇ ಆಯಿತು. ಅಂದರೆ ಹಲವು ತೂತುಗಳನ್ನು ಒಟ್ಟಿಗೆ ಮುಚ್ಚುವ ಯೋಚನೆ ಹುಸಿಯಲ್ಲ. ಆದರೆ ಇವರೆಲ್ಲ ಕಾಯಿಲೆ ಇನ್ನೂ ಬರದವರು, ಲಾಭವೂ ಸಣ್ಣದು ಅನ್ನುವುದನ್ನು ಜೊತೆಗೇ ನೆನಪಿಡಿ.

ಈ ಪ್ರಕಾರ ಮನೆಯಲ್ಲಿ ಮಾಡಬೇಕಾದ್ದು:

ಕಿವಿ. ಕೇಳಿಸದಿರುವುದಕ್ಕೂ ಮರೆವಿಗೂ ನಂಟಿದೆ. ಅಪಾಯ ಹೆಚ್ಚಿದ್ದ ಹಿರಿಯರಲ್ಲಿ ಶ್ರವಣ ಸಾಧನ ಹಾಕಿದವರ ಯೋಚನಾಶಕ್ತಿ ಮೂರು ವರ್ಷದಲ್ಲಿ ಹಾಕದವರಿಗಿಂತ ನಿಧಾನವಾಗಿ ಕುಸಿಯಿತು ಅಂತ 2023ರ ಅಚೀವ್ ಅಧ್ಯಯನ ತೋರಿಸಿತು. ಸಪ್ಲಿಮೆಂಟ್‌ಗೆ ತೆಗೆದಿಟ್ಟ ಹಣ ಇದ್ದರೆ ಮೊದಲು ಕಿವಿಗೆ ಹಾಕಿ.

ಬಿಪಿ. ಹತೋಟಿಯಲ್ಲಿಡಿ. ಆದರೆ ಪಾರ್ಕಿನ್ಸನ್ ಇರುವವರಲ್ಲಿ ಎದ್ದು ನಿಂತ ಕೂಡಲೇ ಬಿಪಿ ಬೀಳುವುದು ಸಾಮಾನ್ಯ. ಮಲಗಿದಾಗ ಒಮ್ಮೆ, ನಿಂತ ಮೇಲೆ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಅಳೆದು ಬರೆದಿಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ಹೇಳಿ.

ನಿದ್ದೆ. ಜೋರು ಗೊರಕೆ, ಮಧ್ಯೆ ಉಸಿರು ನಿಂತ ಹಾಗೆ ಆಗುವುದು, ಹಗಲು ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ ಪರೀಕ್ಷೆ ಮಾಡಿಸಿ. ಕನಸಲ್ಲಿ ಕೂಗುವುದು, ಒದೆಯುವುದು ಇದ್ದರೆ ಅದನ್ನೂ ಹೇಳಿ. ಪಾರ್ಕಿನ್ಸನ್‌ಗೆ ಎಷ್ಟೋ ವರ್ಷ ಮುಂಚೆ ಕಾಣುವ ಸುಳಿವು ಅದು.

ವ್ಯಾಯಾಮ. ಪಾರ್ಕಿನ್ಸನ್‌ನಲ್ಲಿ ಇದಕ್ಕೆ ಮಾತ್ರೆಯಷ್ಟೇ ಗೌರವ ಕೊಡಿ. ಉಸಿರು ಏರುವಷ್ಟು ನಡಿಗೆ ಅಥವಾ ಸೈಕಲ್, ಜೊತೆಗೆ ಸಮತೋಲನ ಮತ್ತು ಬಲದ ವ್ಯಾಯಾಮ. ಹೃದಯದ ತೊಂದರೆ ಇದ್ದರೆ ಮೊದಲು ತೋರಿಸಿಕೊಳ್ಳಿ. ಎಎಲ್ಎಸ್‌ನಲ್ಲಿ ಲೆಕ್ಕ ಬೇರೆ. ಸುಸ್ತಾಗುವಷ್ಟು ಮಾಡಬಾರದು, ಫಿಸಿಯೋಥೆರಪಿಸ್ಟ್ ಹೇಳಿದಷ್ಟೇ.

ಹಂತ 5: ಊಟ, ಕಾಯಿಲೆಗೆ ತಕ್ಕಂತೆ

ಸೊಪ್ಪು, ತರಕಾರಿ, ಕಾಳು, ಹಣ್ಣು, ಬೀಜಗಳು ಜಾಸ್ತಿ, ಕರಿದದ್ದು ಮತ್ತು ಸಿಹಿ ಕಡಿಮೆ. ಇಷ್ಟಕ್ಕೆ ಯಾರ ತಕರಾರೂ ಇಲ್ಲ. ಪವಾಡ ಮಾತ್ರ ನಿರೀಕ್ಷಿಸಬೇಡಿ. ಮಿದುಳಿಗೆಂದೇ ರೂಪಿಸಿದ ಮೈಂಡ್ ಆಹಾರ ಕ್ರಮವನ್ನು 604 ಜನರಲ್ಲಿ ಮೂರು ವರ್ಷ ಪರೀಕ್ಷಿಸಿದಾಗ, ಹೋಲಿಕೆಯ ಗುಂಪಿಗಿಂತ ಗಮನಿಸುವಷ್ಟು ಲಾಭ ಕಾಣಲಿಲ್ಲ. ಅದು 2023ರ ಫಲಿತಾಂಶ.

ಜನ ಎಡವುವುದು ಕಾಯಿಲೆಯ ವ್ಯತ್ಯಾಸದಲ್ಲಿ.

ಎಎಲ್ಎಸ್ ಇರುವವರು ತೂಕ ಕಳೆದುಕೊಂಡಷ್ಟೂ ಕಾಯಿಲೆ ಬೇಗ ಮುಂದುವರಿಯುತ್ತದೆ. ಅವರಿಗೆ ಉಪವಾಸ, ಡಿಟಾಕ್ಸ್, ಹಿಟ್ಟಿನ ಪದಾರ್ಥ ಬಿಡಿಸುವುದು ಇವೆಲ್ಲ ನೇರ ಹಾನಿ. ವಾರಕ್ಕೊಮ್ಮೆ ತೂಕ ನೋಡಿ.

ಪಾರ್ಕಿನ್ಸನ್‌ನಲ್ಲಿ ಲೆವೊಡೋಪಾ ಮತ್ತು ಪ್ರೋಟೀನ್ ಕರುಳಿನಲ್ಲಿ ಒಂದೇ ಬಾಗಿಲಿಗೆ ನುಗ್ಗುತ್ತವೆ. ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಸಾಮಾನ್ಯವಾಗಿ ಚೆನ್ನಾಗಿ ಹಿಡಿಯುತ್ತದೆ. ಪ್ರೋಟೀನ್ ಬಿಡಬೇಡಿ, ಸಮಯ ಬದಲಿಸಿ. ಕಬ್ಬಿಣದ ಮಾತ್ರೆಯೂ ಲೆವೊಡೋಪಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ಎರಡರ ನಡುವೆ ಕೆಲವು ಗಂಟೆ ಬಿಡಿ. ಮಲಬದ್ಧತೆಗೆ ನೀರು, ನಾರಿನಂಶ, ಬೇಕಾದರೆ ಔಷಧಿ. ಹೊಟ್ಟೆ ಕಟ್ಟಿದರೆ ಮಾತ್ರೆಯೂ ಸರಿಯಾಗಿ ಹಿಡಿಯುವುದಿಲ್ಲ.

ಆಲ್ಝೈಮರ್‌ನಲ್ಲಿ ಕಾಯಿಲೆ ಮುಂದುವರಿದಂತೆ ಊಟವೇ ಮರೆತುಹೋಗುತ್ತದೆ. ಆಗ ಕಟ್ಟುನಿಟ್ಟು ಬಿಟ್ಟು, ಅವರು ಖುಷಿಯಾಗಿ ತಿನ್ನುವುದನ್ನು ಕೊಡಿ. ಯಾವ ಕಾಯಿಲೆಯಲ್ಲಾದರೂ ಸರಿ, ತಿನ್ನುವಾಗ ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ನುಂಗುವ ಪರೀಕ್ಷೆ ಮಾಡಿಸಿ. ಶ್ವಾಸಕೋಶಕ್ಕೆ ಅನ್ನ ನೀರು ಇಳಿದು ಬರುವ ನ್ಯುಮೋನಿಯಾ ಈ ಕಾಯಿಲೆಗಳಲ್ಲಿ ಸಾವಿಗೆ ದೊಡ್ಡ ಕಾರಣ.

ಹಂತ 6: ಸಪ್ಲಿಮೆಂಟ್

ಕೊರತೆ ಇದ್ದರೆ ತುಂಬಿಸಿ. ಇಲ್ಲದಿದ್ದರೆ ಬೇಡ. ನನ್ನ ಸಲಹೆ ಇಷ್ಟೇ, ಆದರೂ ಹೆಸರು ಹಿಡಿದು ಕೇಳುತ್ತೀರಿ.

ಗಿಂಕ್ಗೊ ಅನ್ನುವ ಮರದ ಎಲೆಯ ಸಾರ: 3,069 ಹಿರಿಯರಿಗೆ ದಿನಕ್ಕೆ 240 ಮಿಲಿಗ್ರಾಂ ಕೊಟ್ಟು ನೋಡಿದರು, 2008ರಲ್ಲಿ ಫಲಿತಾಂಶ ಬಂತು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯನ್ನು, ತಡೆಯಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಜೊತೆ ರಕ್ತಸ್ರಾವದ ಅಪಾಯವೂ ಇದೆ. ಕೋಎಂಝೈಮ್ ಕ್ಯೂ10: ಪಾರ್ಕಿನ್ಸನ್‌ನಲ್ಲಿ ದಿನಕ್ಕೆ 2,400 ಮಿಲಿಗ್ರಾಂವರೆಗೆ ಕೊಟ್ಟರೂ ಉಪಯೋಗ ಕಾಣಲಿಲ್ಲ, 2014. ಕ್ರಿಯೇಟಿನ್: ಪಾರ್ಕಿನ್ಸನ್‌ನಲ್ಲಿ ಅದೇ ಕಥೆ, 2015. ಬಿ6: ಜಾಸ್ತಿ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಅದೇ ನರಗಳನ್ನು ಹಾಳು ಮಾಡುತ್ತದೆ. "ನರಕ್ಕೆ ಶಕ್ತಿ" ಅಂತ ಬರೆದಿರುವ ಎರಡು ಮೂರು ಡಬ್ಬಿಗಳನ್ನು ಒಟ್ಟಿಗೆ ತೆಗೆದುಕೊಳ್ಳುವವರು ಒಟ್ಟು ಬಿ6 ಎಷ್ಟಾಯಿತು ಅಂತ ಕೂಡಿ ನೋಡಿ. ನಸುಗುನ್ನಿ ಬೀಜದ ಪುಡಿ: ಇದರಲ್ಲಿ ನಿಜವಾದ ಲೆವೊಡೋಪಾ ಇದೆ. ಕೆಲಸ ಮಾಡುತ್ತದೆ, ಅದೇ ತೊಂದರೆ. ಮಾತ್ರೆಯ ಜೊತೆ ಸೇರಿದರೆ ಡೋಸ್ ಎಷ್ಟಾಯಿತು ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ.

ಕೀಲೇಷನ್ ಬಗ್ಗೆ ಬೇರೆಯಾಗಿಯೇ ಹೇಳುತ್ತೇನೆ. ಲೋಹ ತೆಗೆಯುವ ಔಷಧಿಯನ್ನು ರಕ್ತನಾಳಕ್ಕೆ ಹಾಕುವುದು ಇದು. ವಿಲ್ಸನ್ ಕಾಯಿಲೆಗೆ ಲೋಹ ತೆಗೆಯುವ ಮಾತ್ರೆ ಬೇಕೇ ಬೇಕು, ಖಚಿತವಾದ ಸೀಸದ ವಿಷಕ್ಕೂ ಬೇಕು. ಆಲ್ಝೈಮರ್‌ಗೆ, ಪಾರ್ಕಿನ್ಸನ್‌ಗೆ ಬೇಡ. ತಪ್ಪು ಔಷಧಿ ಹಾಕಿ ರಕ್ತದ ಕ್ಯಾಲ್ಸಿಯಂ ಕುಸಿದು ಜನ ಸತ್ತದ್ದೂ ಇದೆ.

ಹಂತ 7: ವೈದ್ಯರನ್ನು ಆರಿಸುವಾಗ

ಇಷ್ಟಾದ ಮೇಲೂ ಫಂಕ್ಷನಲ್ ಮೆಡಿಸಿನ್‌ನವರನ್ನು ನೋಡಬೇಕು ಅನಿಸಿದರೆ ನೋಡಿ. ಒಂದು ಗಂಟೆ ಕೂತು ನಿಮ್ಮ ಮಾತು ಕೇಳುತ್ತಾರೆ, ಅದು ಸಣ್ಣದಲ್ಲ. ಮೊದಲ ಭೇಟಿಯಲ್ಲೇ ಇವನ್ನು ಕೇಳಿ:

1. ನೀವು ಎಂಬಿಬಿಎಸ್ ಅಥವಾ ಅದಕ್ಕೆ ಸಮನಾದ ವೈದ್ಯಕೀಯ ಪದವಿ ಓದಿದ್ದೀರಾ? ನರಕ್ಷಯ ಕಾಯಿಲೆಯವರನ್ನು ನೋಡಿದ ಅನುಭವ ಇದೆಯಾ?
2. ನಮ್ಮ ನರರೋಗ ತಜ್ಞರಿಗೆ ನಿಮ್ಮ ಸಲಹೆಯನ್ನು ಬರೆದು ಕಳಿಸುತ್ತೀರಾ?
3. ಸಪ್ಲಿಮೆಂಟ್ ನೀವೇ ಮಾರುತ್ತೀರಾ? ಹೊರಗೆ ಕೊಳ್ಳಬಹುದಾ?
4. ಈ ಟೆಸ್ಟ್‌ನ ಉತ್ತರ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು?
5. ಎಷ್ಟು ದಿನ ನೋಡಿ, ಪ್ರಯೋಜನ ಇಲ್ಲ ಅಂತ ಒಪ್ಪಿಕೊಂಡು ನಿಲ್ಲಿಸುತ್ತೀರಿ?

ಐದನೆಯದಕ್ಕೆ ನೇರ ಉತ್ತರ ಸಿಗದಿದ್ದರೆ ಫೀಸು ಕೊಟ್ಟು ಮನೆಗೆ ಬನ್ನಿ. ಇಡೀ ವರ್ಷದ ಪ್ಯಾಕೇಜ್ ಹಣ ಮುಂಗಡ ಕೇಳಿದರೂ ಅಷ್ಟೇ.

ಹಂತ 8: ಅಳೆಯಿರಿ, ಒಂದೊಂದೇ ಬದಲಿಸಿ

ಒಂದೇ ವಾರದಲ್ಲಿ ಊಟ, ನಿದ್ದೆ, ಐದು ಮಾತ್ರೆ ಎಲ್ಲಾ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಒಂದು ಬದಲಾವಣೆ, ನಾಲ್ಕರಿಂದ ಆರು ವಾರ, ನಂತರ ಇನ್ನೊಂದು. ನೋಟ್‌ಬುಕ್‌ನಲ್ಲಿ ವಾರಕ್ಕೊಮ್ಮೆ ಬರೆಯಿರಿ: ತೂಕ, ಬಿಪಿ, ಎಷ್ಟು ಸಲ ಬಿದ್ದರು, ರಾತ್ರಿ ಎಷ್ಟು ಸಲ ಎದ್ದರು, ತಾವೇ ಏನೇನು ಮಾಡಿಕೊಂಡರು. ಅಂಗಿಯ ಗುಂಡಿ ಹಾಕಲು ಹಿಡಿದ ಸಮಯ, ಫೋನ್‌ನಲ್ಲಿ ಮಾತಾಡಿದ್ದು ಅರ್ಧ ಗಂಟೆ ಬಿಟ್ಟು ನೆನಪಿತ್ತಾ, ಇಂಥ ಸಣ್ಣ ವಿಷಯಗಳೇ ನಿಜ ಹೇಳುತ್ತವೆ. ಇವತ್ತು ಚೆನ್ನಾಗಿದ್ದರು ಅನ್ನುವುದು ಅಳತೆಯಲ್ಲ. ಈ ಕಾಯಿಲೆಗಳಲ್ಲಿ ಒಳ್ಳೆಯ ದಿನ, ಕೆಟ್ಟ ದಿನ ತಾವಾಗಿಯೇ ಬಂದು ಹೋಗುತ್ತವೆ.

ಮೂರು ತಿಂಗಳಿಗೆ ಪುಸ್ತಕ ತೆರೆದು ನೋಡಿ. ಬದಲಾವಣೆ ಕಾಣದ, ಖರ್ಚಿನ, ಕಿರಿಕಿರಿಯ ಕೆಲಸಗಳನ್ನು ಕೈಬಿಡಿ. ನೋಡಿಕೊಳ್ಳುವವರ ನಿದ್ದೆ ಎಷ್ಟು ಗಂಟೆ ಅನ್ನುವುದಕ್ಕೂ ಅದೇ ಪುಸ್ತಕದಲ್ಲಿ ಒಂದು ಸಾಲು ಇಡಿ.

ಪುಸ್ತಕಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದವು ಕೆಲವಿವೆ. ಒಂದೆರಡು ದಿನದಲ್ಲಿ ಒಮ್ಮೆಲೇ ಗೊಂದಲ ಹೆಚ್ಚಾಗುವುದು: ನರಕ್ಷಯ ಅಷ್ಟು ವೇಗವಾಗಿ ಬದಲಾಗುವುದಿಲ್ಲ, ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿದಿರುವುದು, ಹೊಸ ಮಾತ್ರೆ ಹೀಗೆ ಬೇರೇನೋ ಆಗಿರುತ್ತದೆ. ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಬೀಳುವುದು. ಬಿದ್ದು ತಲೆಗೆ ಪೆಟ್ಟಾಗುವುದು, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆಯಲ್ಲಿದ್ದರೆ. ಎಎಲ್ಎಸ್ ಇರುವವರಿಗೆ ಮಲಗಿದರೆ ಉಸಿರು ಕಟ್ಟುವುದು. ಹೋಗುವಾಗ ಮಾತ್ರೆಗಳ ಆ ಚೀಲವನ್ನು ಜೊತೆಗೇ ತೆಗೆದುಕೊಂಡು ಹೋಗಿ.